ಹಸಿರು ಗುರುತಿನ ಕೊಡಗಳು

ಫೆಬ್ರವರಿ 14, 2024, ಬೂದಿ ಬುಧವಾರ

ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಗೆ ಬಂದರೆ ನಲ್ಲಿಗೆ ಬೀಗ.

ನಮ್ಮ ಸಿ.ಎಸ್.ಐ. ಸಭೆಯ, ಅಂದರೆ ಚರ್ಚಿನ, ಕಾಂಪೌಂಡ್ ಗೋಡೆಯಲ್ಲಿ ಒಂದು ನಲ್ಲಿ ಇದೆ. ಬಾಯಿ ಬೀದಿಯ ಕಡೆಗೆ, ಪೈಪು ನಮ್ಮ ಬೋರ್‌ವೆಲ್ಲಿನ ಕಡೆಗೆ. ಎಂದೋ ಇದ್ದ ಒಬ್ಬ ಪಾದ್ರಿ ಅಯ್ಯನವರು ಹಾಕಿಸಿದ್ದು. ಪುಟ್ಟೇನಹಳ್ಳಿಯ ಈ ಗಲ್ಲಿಗಳಲ್ಲಿ ಬೋರುಗಳೆಲ್ಲ ಒಂದೊಂದಾಗಿ ಕೆಮ್ಮಿ ಸತ್ತಿವೆ. ಹಿಂದುಗಡೆ ತಗಡಿನ ಶೆಡ್ಡುಗಳಲ್ಲಿರುವ ಹೆಂಗಸರು ಈ ನಲ್ಲಿಯ ಮೇಲೆ ಬದುಕಿದ್ದಾರೆ. ನಾನೂ ಅಷ್ಟೇ. ನನ್ನ ಮನೆ ಓನರ್ ಬೋರು ಹೋದ ಬೇಸಿಗೆಯಲ್ಲೇ ಹೋಯಿತು. ಇವತ್ತು ಆ ನಲ್ಲಿಗೆ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ. ಬೀಗದ ಕೈ ಸೆಕ್ರೆಟರಿ ಜ್ಞಾನರಾಜನ ಕೊರಳಲ್ಲಿ. ಬ್ಯಾಂಕಿನಲ್ಲಿದ್ದಾಗ ಐಡಿ ಕಾರ್ಡು ನೇತುಹಾಕಿಕೊಳ್ಳುತ್ತಿದ್ದ ಅದೇ ನೀಲಿ ಟೇಪಿನಲ್ಲಿ.

"ಏನ್ ಸಾರ್ ಇದು?" ಅಂದೆ.

"ಕಮಿಟಿ ಡಿಸಿಷನ್ನಮ್ಮ. ಬೋರಲ್ಲಿ ಲೆವೆಲ್ ಕಮ್ಮಿಯಾಗಿದೆ. ಸಭೆಯವರಿಗೇ ಸಾಲಲ್ಲ."

"ಹೋದ ಭಾನುವಾರ ನಿಮ್ ಕಾರು ತೊಳೆದಿದ್ದು ಯಾವ ನೀರಲ್ಲಿ?"

"ರಾಹೇಲಮ್ಮ, ಇವತ್ತು ಲೆಂಟ್ ಶುರು. ಇವತ್ತಾದ್ರೂ ಸಿಟ್ಟು ಬಿಡಿ."

ಅಯ್ಯನವರ ಪ್ರಸಂಗವೂ ಅದೇ ಆಗಿತ್ತು: ಈ ನಲವತ್ತು ದಿನ ಏನನ್ನಾದರೂ ಬಿಡಿ. ಜ್ಞಾನರಾಜನ ಹೆಂಡತಿ ಚಾಕೊಲೇಟ್ ಬಿಡುತ್ತಾಳಂತೆ. ನನ್ನ ಹತ್ತಿರ ಬಿಡುವುದಕ್ಕೆ ಏನಿದೆ? ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಇಪ್ಪತ್ತು ವರ್ಷ ಮೆಷಿನ್ ತುಳಿದಿದ್ದೇನೆ. ಗೇಟಿನ ಮುಂದೆ ಯೂನಿಯನ್ ಬಾವುಟ ಹಿಡಿದು ಲಾಠಿ ತಿಂದಿದ್ದೇನೆ. ಗಂಡ ಸತ್ತ, ಕೆಲಸ ಹೋಯಿತು, ಸಿಟ್ಟು ಒಂದೇ ಕೊನೆತನಕ ಜೊತೆಗಿರುವುದು. ಅದನ್ನೂ ಇವರ ಬೂದಿಗೆ ಬಿಡಬೇಕಂತೆ.

ಕನಕಪುರದಾಚೆ ನಮ್ಮ ಅಜ್ಜಿಯ ಊರು. ಅಲ್ಲಿ ಬಾವಿಯ ಕಟ್ಟೆಯನ್ನು ಅವಳು ಮುಟ್ಟುವ ಹಾಗಿರಲಿಲ್ಲ. ಕೊಡ ಕೆಳಗಿಟ್ಟು, ದೂರ ನಿಂತು, ಮೇಲಿನವರು ಯಾರಾದರೂ ಹೊಯ್ಯಲಿ ಅಂತ ಕಾಯುತ್ತಿದ್ದಳು. ಹೊಯ್ಯುವವರಿಗೆ ಮನಸ್ಸಿದ್ದರೆ ಕೊಡಕ್ಕೆ, ಇಲ್ಲದಿದ್ದರೆ ನೆಲಕ್ಕೆ. ಮಿಷನ್ನಿನವರು ಕೇರಿಯಲ್ಲಿ ಬಾವಿ ತೋಡಿಸಿದ ದಿನ ಅಜ್ಜಿ ಹಗ್ಗ ಹಿಡಿದಳು, ತನ್ನ ಕೊಡವನ್ನು ತಾನೇ ತುಂಬಿಕೊಂಡಳು. ದೀಕ್ಷಾಸ್ನಾನ ಆಮೇಲಿನ ಮಾತು. ಅವಳು ಕ್ರೈಸ್ತಳಾಗಿದ್ದು ಆ ಹಗ್ಗ ಹಿಡಿದಾಗಲೇ. ಅಂಥವಳ ಮೊಮ್ಮಗಳ ಎದುರಿಗೆ ನಲ್ಲಿಗೆ ಬೀಗ ಹಾಕುತ್ತಾನೆ ಈ ಜ್ಞಾನರಾಜ.

ಫೆಬ್ರವರಿ 18, ಭಾನುವಾರ

ಖಾಲಿ ಕೊಡಗಳನ್ನು ಆಲ್ಟರ್ ಮುಂದೆ ಇಟ್ಟೆವು.

ಯೋಜನೆ ನನ್ನದು, ಧೈರ್ಯ ಕಲ್ಯಾಣಿಯದು. ಕಲ್ಯಾಣಿ ಶೆಡ್ಡಿನವಳು, ಸುರಪುರದ ಕಡೆಯಿಂದ ಬಂದವಳು. ಗಂಡ ಮೌನೇಶ ಮನೆಗಳಿಗೆ ಬಣ್ಣ ಬಳಿಯುತ್ತಾನೆ. ಮಾವನಿಗೆ ಲಕ್ವ ಹೊಡೆದು ಎಲ್ಲವೂ ಹಾಸಿಗೆಯಲ್ಲೇ. ಅವನ ಮೈ, ಬಟ್ಟೆ, ಹಾಸಿಗೆ ತೊಳೆಯಲು ನೀರಿಲ್ಲದಿದ್ದರೆ ಅವರು ಊರು ಸೇರಬೇಕು. ಊರಲ್ಲಿ ಇವರಿಗೆ ಕೂಲಿಯಿಲ್ಲ. ಅದಕ್ಕೇ ಅಲ್ಲವೇ ಇಲ್ಲಿಗೆ ಬಂದದ್ದು.

ಏಳರ ಕನ್ನಡ ಆರಾಧನೆ. ಕಾಣಿಕೆಯ ಕೀರ್ತನೆ ಶುರುವಾದ ಕೂಡಲೇ ನಾನು ಎದ್ದು ಬಾಗಿಲಿಗೆ ಹೋದೆ. ಶೆಡ್ಡಿನ ಹೆಂಗಸರೆಲ್ಲ ಅಲ್ಲಿ ಗುಂಪುಗೂಡಿದ್ದರು. ಕಲ್ಯಾಣಿ ಕಿವಿಯ ಹತ್ತಿರ ಬಂದು ಕೇಳಿದಳು.

"ಅಕ್ಕಾರ, ನಿಮ್ಮ ದೇವರ ಮುಂದ ಖಾಲಿ ಕೊಡ ಇಟ್ರ ಅಪಶಕುನ ಆಗಂಗಿಲ್ಲೇನ್ರಿ?"

"ಆಗಲಿ ಅಂತಲೇ ಇಡ್ತಿರೋದು. ನಡಿ."

ಅವಳು ನಕ್ಕಳು. ನಗುತ್ತಲೇ ಒಳಗೆ ನಡೆದಳು. ಕಾಣಿಕೆ ಚೀಲಗಳ ಹಿಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಮೆರವಣಿಗೆ. ಆರ್ಗನ್ ನುಡಿಸುವವನ ಬೆರಳು ನಿಂತೇಹೋಯಿತು. ಜ್ಞಾನರಾಜ ಎದ್ದು ನಿಂತು, "ಇದು ದೇವರ ಮನೆ" ಅಂದ.

"ಹಾಗಾದ್ರೆ ದೇವರನ್ನೇ ಕೇಳೋಣ ಬನ್ನಿ ಸಾರ್, ಭೂಮಿ ಒಳಗಿನ ನೀರು ಯಾರ ಸ್ವತ್ತು ಅಂತ" ಅಂದೆ. "ಯಾರ ಸ್ವತ್ತೂ ಅಲ್ಲ. ಬೀಗ ಹಾಕೋನು ಕಳ್ಳ."

ನಮ್ಮ ಅಯ್ಯನವರು ಸತ್ಯಮಿತ್ರ ಇನ್ನೂ ಚಿಕ್ಕ ವಯಸ್ಸಿನವರು. ಕಮಿಟಿಯವರು ಸೀನಿದರೂ ಹೆದರುವ ಪ್ರಾಣಿ. ಆದರೂ ಕೊಡಗಳನ್ನು ತೆಗೆಸಲಿಲ್ಲ. ಆರಾಧನೆ ಮುಗಿಯುವ ತನಕ ಅವು ಅಲ್ಲೇ ಕೂತಿದ್ದವು, ಬಾಯಿ ತೆರೆದುಕೊಂಡು.

ಫೆಬ್ರವರಿ 20

ಗೆದ್ದೆವು.

ಕಮಿಟಿಯವರು ಕರೆಸಿದರು. ಕೂತುಕೊಳ್ಳಿ ಅನ್ನಲಿಲ್ಲ, ನಾನೇ ಕುರ್ಚಿ ಎಳೆದುಕೊಂಡೆ. ಜ್ಞಾನರಾಜ ಕೊರಳಿನಿಂದ ನೀಲಿ ಟೇಪು ತೆಗೆದು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದ.

"ನಲ್ಲಿ ಓಪನ್ ಮಾಡೋಣ. ಆದ್ರೆ ನೀವೇ ನೋಡ್ಕೋಬೇಕು. ನಾವು ಏನ್ ಮಾಡಿದ್ರೂ ಅನ್ಯಾಯ ಅಂತೀರಲ್ಲ. ನ್ಯಾಯ ಹೇಗಿರುತ್ತೆ ಅಂತ ನೀವು ತೋರಿಸಿ. ಬೆಳಗ್ಗೆ ಒಂದು ಹೊತ್ತು. ಬೋರು ಸತ್ರೆ ಜವಾಬ್ದಾರಿ ನಿಮ್ಮದು."

ನಗುತ್ತಿದ್ದ. ಸೋತವನು ಮುಖ ಉಳಿಸಿಕೊಳ್ಳಲು ನಗುವ ನಗು ಅದು. ಫ್ಯಾಕ್ಟರಿ ಮ್ಯಾನೇಜರುಗಳಲ್ಲಿ ಅದನ್ನು ಬೇಕಾದಷ್ಟು ನೋಡಿದ್ದೇನೆ.

ಮನೆಗೆ ಬಂದು ಟೇಪು ಕಿತ್ತು ಬಚ್ಚಲ ಕಿಟಕಿಯಿಂದ ಆಚೆ ಎಸೆದೆ. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಕೊರಳಿಗೆ ಬೀಗದ ಕೈ ಕಟ್ಟಿಕೊಳ್ಳುವುದು ಜೈಲಿನವರ ಲಕ್ಷಣ.

ಫೆಬ್ರವರಿ 22

ಮೊದಲ ಬೆಳಗು. ಬೀಗ ತೆಗೆದು ಪಕ್ಕಕ್ಕೆ ಸರಿದೆ. "ತಗೊಳ್ರಮ್ಮ" ಅಂದೆ, ಅಷ್ಟೇ. ಒಬ್ಬೊಬ್ಬರೇ ಬಂದು ತಾವೇ ತಿರುಗಿಸಿಕೊಂಡು ತಾವೇ ತುಂಬಿಕೊಂಡರು. ಕಲ್ಯಾಣಿ ಮಾವನಿಗೆ ಅಂತ ಇನ್ನೊಂದು ಕೊಡ ತುಂಬಿಕೊಂಡಳು, ಯಾರೂ ಏನೂ ಅನ್ನಲಿಲ್ಲ. ಮೂಲೆಮನೆ ಬೈರಮ್ಮ ನೀರು ಎರಚಿದಳು, ಅವಳಿಗೊಬ್ಬಳು ಎರಚಿದಳು, ನನ್ನ ಸೀರೆಯೂ ಒದ್ದೆ.

"ನಿಮ್ಮ ಅಜ್ಜಿನ ಬಾವಿ ಇಲ್ಲೇ ಬಂತು ನೋಡ್ರಿ ಅಕ್ಕಾರ" ಅಂದಳು ಕಲ್ಯಾಣಿ. ಅವಳಿಗೆ ಆ ಕಥೆ ಯಾವಾಗ ಹೇಳಿದ್ದೆನೋ ನೆನಪಿಲ್ಲ.

ಫೆಬ್ರವರಿ 27

ಸುದ್ದಿ ಊರೆಲ್ಲ ಹಬ್ಬಿದೆ. ಬೇರೆ ಬೀದಿಯವರು ಕ್ಯಾನು ಹಿಡಿದು ಬರುತ್ತಿದ್ದಾರೆ. ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗ್ ಹುಡುಗರು ಡ್ರಮ್ಮು ತಂದರು. ಇವತ್ತು ನಲ್ಲಿಯ ಹಿಡಿಯೇ ಕಿತ್ತುಬಂತು. ಇಬ್ಬರು ಹೆಂಗಸರು ಜುಟ್ಟು ಹಿಡಿದುಕೊಂಡರು. ನನ್ನನ್ನೂ ತಳ್ಳಿದರು, ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಚರಂಡಿಗೆ ಬಿತ್ತು, ಕೊಚ್ಚೆಯಲ್ಲಿ ಕೈ ಹಾಕಿ ತೆಗೆದೆ.

ಇದು ನ್ಯಾಯವಲ್ಲ, ಸಂತೆ. ಸಂಘಟನೆ ಅಂದರೆ ಶಿಸ್ತು. ಯೂನಿಯನ್ನಿನಲ್ಲಿ ಮೊದಲು ಕಲಿತ ಪಾಠವೇ ಅದು. ಇನ್ನು ಮೇಲೆ ನಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಒಂದು ಪೈಪು ಸಿಗಿಸಿ ನಾನೇ ಹಿಡಿದುಕೊಂಡು ಹಾಕುತ್ತೇನೆ. ಕೊಡ ಸಾಲಾಗಿ ಕೆಳಗಿಟ್ಟು ಹಿಂದೆ ನಿಂತರೆ ಸಾಕು. ಮನೆಗೆ ಎರಡು ಕೊಡ.

ಶೆಡ್ಡಿನವರ ಕೊಡ ಯಾವುದು, ಹೊರಗಿನವರದು ಯಾವುದು ಅಂತ ಗೊತ್ತಾಗಬೇಕಲ್ಲ. ಸಭೆಯ ಗೇಟಿಗೆ ಬಳಿದು ಉಳಿದ ಹಸಿರು ಎನಾಮೆಲ್ ಸ್ಟೋರಿನಲ್ಲಿತ್ತು. ಬ್ರಷ್ಷು ಮೌನೇಶ ಕೊಟ್ಟ. ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದೆ.

"ಶಿಲುಬಿ ಯಾಕ್ರಿ ಅಕ್ಕಾರ, ಒಂದು ಚುಕ್ಕಿ ಇಟ್ರ ಸಾಕಾಗಂಗಿಲ್ಲೇನು?" ಅಂದ ಮೌನೇಶ.

"ಚುಕ್ಕಿ ಯಾವನ್ ಬೇಕಾದ್ರೂ ಇಟ್ಕೊಂಡು ಬರ್ತಾನೆ. ಇದನ್ನ ಕದಿಯೋಕೆ ಭಯ ಇರುತ್ತೆ."

ನನ್ನ ಕೊಡಕ್ಕೂ ಎಳೆದುಕೊಂಡೆ. ಚೆಂದ ಕಾಣುತ್ತವೆ, ಸಾಲಾಗಿ ಇಟ್ಟಾಗ.

ಬಚ್ಚಲ ಹಿಂದೆ ಹುಡುಕಿ ನೀಲಿ ಟೇಪು ತೆಗೆದು ತೊಳೆದೆ. ಸೆರಗಿನ ಗಂಟನ್ನು ನಂಬುವಂತಿಲ್ಲ.

ಮಾರ್ಚ್ 3, ಭಾನುವಾರ

ಸ್ತ್ರೀ ಸಂಘದವರು ಬಂದು ನೋಡಿಹೋದರು. ಫೋಟೋ ತೆಗೆದರು. ಜ್ಞಾನರಾಜನ ಹೆಂಡತಿ, "ಎಷ್ಟು ನೀಟಾಗಿ ಲೈನಲ್ಲಿ ನಿಲ್ಸಿದ್ದೀರ, ನಮ್ ಸಂಡೇ ಸ್ಕೂಲಿಗೂ ನೀವೇ ಬರಬೇಕು" ಅಂದಳು. ಆ ಹೆಂಗಸಿಗೆ ಮಾತಾಡಲು ಬರುತ್ತದೆ ಅಂತ ಇವತ್ತೇ ಗೊತ್ತಾಗಿದ್ದು.

ಕಲ್ಯಾಣಿ ಮಾವನಿಗೆ ಮೂರನೇ ಕೊಡ ಕೇಳಿದಳು. ಕೊಡಲಿಲ್ಲ. ಅವಳಿಗೆ ಕೊಟ್ಟರೆ ಬೈರಮ್ಮ ಕೇಳುತ್ತಾಳೆ, ಬೈರಮ್ಮನಿಗೆ ಕೊಟ್ಟರೆ ಊರು ಕೇಳುತ್ತದೆ. "ನೀನೇ ನನಗೆ ಸಪೋರ್ಟ್ ಮಾಡಬೇಕು ಕಣೇ" ಅಂದೆ. "ಹೂಂನ್ರಿ" ಅಂದಳು. ಆ "ಹೂಂ" ನನಗೆ ಹಿಡಿಸಲಿಲ್ಲ.

ಮಾರ್ಚ್ 6

ಲೈನಿನಲ್ಲಿ ಯಾರೂ ಮಾತಾಡುವಂತಿಲ್ಲ ಅಂತ ಮಾಡಿದ್ದೇನೆ. ಗಲಾಟೆಯಲ್ಲಿ ಪೈಪು ಹಿಡಿಯಲು ಆಗುವುದಿಲ್ಲ.

ಮಾರ್ಚ್ 9

ಶೆಡ್ಡುಗಳ ಮಾಲೀಕ ಚಿಕ್ಕಬೈರಪ್ಪ ಬಂದಿದ್ದ. ಅವನ ಅಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ತಗಡು ನೆಟ್ಟು ಬಾಡಿಗೆ ಬೆಳೆಯುತ್ತಾನೆ.

"ಏನಮ್ಮೋ ರಾಹೇಲಮ್ಮ, ನನ್ ಶೆಡ್ಡಲ್ಲಿರೋ ಕೊಡಗಳಿಗೆಲ್ಲ ಸ್ನಾನ ಮಾಡ್ಸಿ ಹೆಸರಿಟ್ಟಿದ್ದೀಯಂತೆ."

"ಗುರುತು ಕಣಪ್ಪ ಅದು. ಬೇರೆಯವರು ನುಗ್ಗಬಾರದು ಅಂತ."

"ನಂಗರ್ಥ ಆಯ್ತದೆ. ಊರಿಗೆ ಆಗ್ಬೇಕಲ್ಲ. ಹುಡುಗ್ರು ಫೋಟೋ ಹೊಡ್ಕೊಂಡು ವಾಟ್ಸಾಪಲ್ಲಿ ಬಿಟ್ಟವ್ರೆ. ನೀರು ಕೊಟ್ಟು ಜಾತಿ ಕೆಡುಸ್ತವ್ರೆ ಅಂತ. ನಾಳೆ ಬಂದು ಕಲ್ ಹೊಡೆದ್ರೆ ನಿಮ್ ಸಭೆಗೆ ಗೋಡೆ ಐತೆ. ನನ್ ಶೆಡ್ಡಿಗೆ ಏನೈತೆ? ಅಳಿಸ್ಬುಡು. ಚುಕ್ಕಿ ಇಡು, ನಂಬರ್ ಹಾಕು, ಏನಾದ್ರೂ ಮಾಡು."

"ನೀರು ನಮ್ಮದು, ಗುರುತೂ ನಮ್ಮದು. ಬೇಡದೋರು ಬರೋದ್ ಬೇಡ."

"ಒಳ್ಳೇ ಗೌಡ್ತಿ ಆದೆ ಬುಡು" ಅಂದು ಬೈಕು ಹತ್ತಿದ.

ಫೋಟೋ ಹೊಡೆದ ಹುಡುಗರಿಗೆ ಹೆದರಿ ನಾನು ಶಿಲುಬೆ ಅಳಿಸಬೇಕೇ? ನೀರಿಗಾಗಿ ಮತ ಬಿಟ್ಟರು ಅಂತ ನನ್ನ ಅಜ್ಜಿಗೂ ಅಂದರು. ಹೌದು, ನೀರಿಗಾಗಿಯೇ. ನೀವು ಕೊಡದ ನೀರಿಗಾಗಿ. ಅಳಿಸುವುದಿಲ್ಲ.

ಮಾರ್ಚ್ 12

ಸಿಟ್ಟು ಇಳಿಯುವ ಮೊದಲೇ ಬರೆದು ಮುಗಿಸುತ್ತೇನೆ.

ಬೆಳಗ್ಗೆ ಸಾಲಿನಲ್ಲಿ ಒಂದು ಕೊಡ ಬೋಳಾಗಿತ್ತು. ಗುರುತಿದ್ದ ಜಾಗದಲ್ಲಿ ಪ್ಲಾಸ್ಟಿಕ್ಕು ಬೆಳ್ಳಗೆ ತರಚಿಹೋಗಿತ್ತು. ಕಲ್ಯಾಣಿಯದು.

"ಯಾಕೆ ಕೆರೆದೆ?"

"ಮಾಲಕರು ಶೆಡ್ ಬಿಡಸ್ತೀನಿ ಅಂದ್ರು ಅಕ್ಕಾರ. ಮೌನೇಶ ಬಣ್ಣದ ಕೆಲಸದ ಉಪ್ಪು ಕಾಗದ ಹಾಕಿ ತಿಕ್ಕಿದ."

"ಅಂದ್ರೆ ನಮ್ ಗುರುತು ಹೊಲಸು."

"ಹಂಗ ಎಲ್ಲಿ ಅಂದೇನ್ರಿ. ಸುಳ್ಳ ಹಚ್ಚಬ್ಯಾಡ್ರಿ."

"ಗುರುತಿಲ್ಲದ ಕೊಡಕ್ಕೆ ನೀರಿಲ್ಲ. ಎಲ್ರಿಗೂ ಒಂದೇ ರೂಲ್."

"ಕೊಡದ ಮ್ಯಾಲಿಂದು ಹೋಯ್ತು. ನನ್ನ ಮುಖದ ಗುರುತೂ ಹೋತೇನ್ರಿ ನಿಮಗ?"

ಸಾಲಿನಲ್ಲಿ ಯಾರೋ ಕಿಸಕ್ಕಂದರು. ಅವರಿಗೆಲ್ಲ ನನ್ನ ಬಾಯಿ ಮುಚ್ಚಿಸಿದ ಸಂತೋಷ. ನಾನು ಅವಳ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದೆ. ಒದೆಯಲಿಲ್ಲ, ಸರಿಸಿದೆ. ಮುಂದಿನ ಕೊಡಕ್ಕೆ ಪೈಪು ಹಿಡಿದೆ.

"ಮಾವ ನಿನ್ನೆಯಿಂದ ಹಂಗೇ ಮಲಗ್ಯಾನ್ರಿ" ಅಂದಳು. ಕೊಡವನ್ನು ಗೋಡೆಯ ಹತ್ತಿರ ಕೆಳಗಿಟ್ಟು, ತಾನು ದೂರ ಹೋಗಿ ನಿಂತಳು. ನಾನು ಬೀಗ ಹಾಕುವ ತನಕ ನಿಂತೇ ಇದ್ದಳು. ನನಗೇ ಧರಣಿ ತೋರಿಸುತ್ತಾಳೆ. ಧರಣಿ ಹೇಗೆ ಕೂರಬೇಕು ಅಂತ ಅವಳಿಗೆ ಕಲಿಸಿದವಳು ನಾನು.

ಒಬ್ಬಳಿಗೆ ಬಗ್ಗಿದರೆ ಎಲ್ಲ ಮುಗಿಯಿತು. ಮುಷ್ಕರ ಮುರಿಯುವವರು ಯಾವಾಗಲೂ ಹೀಗೆ ಅಳುಮುಖ ಹಾಕಿಕೊಂಡೇ ಬರುವುದು.

ಮಾರ್ಚ್ 13

ಇವತ್ತು ಮೂರು ಬೋಳು ಕೊಡ. ವಾಪಸ್ ಕಳಿಸಿದೆ.

ಮಾರ್ಚ್ 15

ಸಾಲು ಚಿಕ್ಕದಾಗಿದೆ. ಬೇಗ ಮುಗಿಯುತ್ತದೆ. ಒಳ್ಳೆಯದೇ ಆಯಿತು, ನನ್ನ ಭುಜ ನೋವು.

ಮಾರ್ಚ್ 17, ಭಾನುವಾರ

ಶುಭ ಶುಕ್ರವಾರದ ಮೂರು ಗಂಟೆಯ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಏಳು ಜನ ಮಾತಾಡುವುದು ನಮ್ಮ ಪದ್ಧತಿ. ಪ್ರತಿ ವರ್ಷವೂ ಏಳೂ ಮಾತು ಕಾರಿನವರಿಗೇ. ಈ ಸಲ ಐದನೆಯ ಮಾತು ನನಗೆ. "ನನಗೆ ನೀರಡಿಕೆಯಾಗಿದೆ" ಅನ್ನುವ ಮಾತು.

ಅಯ್ಯನವರೇ ಮನೆಗೆ ಬಂದು ಹೇಳಿದರು. ಟೀ ಕುಡಿಯುತ್ತಾ ಲೋಟದ ಒಳಗೆ ನೋಡಿಕೊಂಡು ಮಾತಾಡಿದರು.

"ಕಲ್ಯಾಣಿಯವರ ಮನೆ ಹತ್ರ ಹೋಗಿದ್ದೆ. ಅವರ ಮಾವನಿಗೆ ಬೆನ್ನೆಲ್ಲ ಹುಣ್ಣಾಗಿದೆ. ನಾನೊಂದೆರಡು ಬಕೆಟ್ ನನ್ನ ಬಾತ್‌ರೂಮಿಂದ..."

"ನೀವು ಕದ್ದು ಕೊಟ್ರೆ ನನ್ ಲೈನಿಗೆ ಯಾವ ಮರ್ಯಾದೆ ಅಯ್ಯನವರೆ?"

"ಕದ್ದು ಅಲ್ಲಮ್ಮ."

"ಮತ್ತೆ? ನಿಮಗೆ ಕರುಣೆ ಬಂದ್ರೆ ಬಂದು ಆ ಲೈನಲ್ಲಿ ನಿಂತು ನ್ಯಾಯವಾಗಿ ಹಂಚಿ ನೋಡಿ. ಹಿಂದಿನ ಬಾಗಿಲಲ್ಲಿ ಎರಡು ಬಕೆಟ್ ಕೊಟ್ಟು ಒಳ್ಳೆಯವರಾಗೋದು ಸುಲಭ."

ಟೀ ಅರ್ಧಕ್ಕೆ ಬಿಟ್ಟು ಹೋದರು. ಈ ನೀರಿನ ಬರದಲ್ಲಿ ಅರ್ಧ ಲೋಟ ಟೀ ಬಿಡುತ್ತಾರೆ.

ಬೆನ್ನಿನ ಹುಣ್ಣಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು. ಒಂದು ಗುರುತು ಮತ್ತೆ ಹಾಕಿಸಿಕೊಂಡು ಬಂದಿದ್ದರೆ ಸಾಕಿತ್ತು.

ಮಾರ್ಚ್ 24, ಗರಿಗಳ ಭಾನುವಾರ

ಗರಿ ಹಿಡಿದು ಮೆರವಣಿಗೆ ಹೋದೆವು. ಪ್ರತಿ ವರ್ಷದ ದಾರಿಯೇ, ಶೆಡ್ಡುಗಳ ಮುಂದೆ ಹಾದು ಕೆರೆಯ ತಿರುವಿನ ತನಕ. ನನಗೆ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದರು.

ಕಲ್ಯಾಣಿಯ ಶೆಡ್ಡಿನ ಮುಂದೆ ಮಂಚ ಹೊರಗೆ ಹಾಕಿತ್ತು. ಮುದುಕ ಮಗ್ಗುಲಾಗಿ ಮಲಗಿದ್ದ. ನಾತ ದಾರಿಯ ತನಕ ಹೊಡೆಯಿತು. ಜ್ಞಾನರಾಜನ ಹೆಂಡತಿ ಗರಿಯಿಂದ ಮೂಗು ಮುಚ್ಚಿಕೊಂಡಳು. ಮೌನೇಶ ಒಣಬಟ್ಟೆಯಲ್ಲಿ ಅಪ್ಪನ ಕಾಲು ಒರೆಸುತ್ತಿದ್ದವನು ತಲೆ ಎತ್ತಲಿಲ್ಲ. ಕಲ್ಯಾಣಿ ಎತ್ತಿದಳು. ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದಳು.

ನಾನು ಹೊಸಾನ್ನ ಕೀರ್ತನೆ ಜೋರಾಗಿ ಹಾಡಿದೆ.

ನೀಲಿ ಟೇಪಿನಿಂದ ಕೊರಳ ಸುತ್ತ ಬೆವರುಸಾಲೆ ಎದ್ದಿದೆ. ಪೌಡರ್ ಹಾಕಿದರೂ ಉರಿ.

ಮಾರ್ಚ್ 29, ಶುಭ ಶುಕ್ರವಾರ

ಮಾತಾಡಿದೆ. ಇಡೀ ಸಭೆ ಅತ್ತಿತು.

ಬರೆದುಕೊಂಡು ಹೋದದ್ದನ್ನು ಓದಲಿಲ್ಲ. ಅಜ್ಜಿಯ ಕಥೆ ಹೇಳಿದೆ. ಶಿಲುಬೆಯ ಮೇಲಿನವನು ನೀರು ಕೇಳಿದಾಗ ಕೆಳಗೆ ನಿಂತವರು ಹುಳಿರಸ ಕೊಟ್ಟರು. ಈ ದೇಶದಲ್ಲಿ ನಮ್ಮವರು ನೀರು ಕೇಳಿದಾಗ ಅದನ್ನೂ ಕೊಡಲಿಲ್ಲ ಅಂದೆ. ಬಾವಿ ಇತ್ತು, ನೀರಿತ್ತು, ಹಗ್ಗ ಇತ್ತು, ಮನುಷ್ಯರಿರಲಿಲ್ಲ ಅಂದೆ. ನನ್ನ ಅಜ್ಜಿ ಕೊಡ ಕೆಳಗಿಟ್ಟು ದೂರ ಹೋಗಿ ನಿಲ್ಲುತ್ತಿದ್ದಳು ಅಂದೆ.

ಆ ಮಾತಿಗೆ ನಾಲಿಗೆ ಒಣಗಿ ಅಂಟಿಕೊಂಡಿತು. ಮುಂದಿನದು ಬರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಎಲ್ಲರೂ ದುಃಖ ಉಕ್ಕಿ ಬಂದಿದೆ ಅಂದುಕೊಂಡರು. ಉಪವಾಸ, ಬಿಸಿಲು, ಮೇಲೆ ಫ್ಯಾನಿಲ್ಲ. ಅಯ್ಯನವರು ಒಂದು ಲೋಟ ನೀರು ತಂದು ಪುಲ್‌ಪಿಟ್ ಮೇಲೆ ಇಟ್ಟರು. ಕುಡಿಯಲಿಲ್ಲ. ಹೇಗೋ ಮುಗಿಸಿದೆ.

ಆರಾಧನೆಯ ನಂತರ ಹೊರಗೆ ಗಂಜಿ ಊಟ. ದೊಡ್ಡ ಹಂಡೆಯಲ್ಲಿ ಕುದಿಸಿದ್ದರು, ಉಪ್ಪಿನಕಾಯಿ, ಹುರಿದ ಕಡಲೆ. ಜ್ಞಾನರಾಜ ತಟ್ಟೆ ಹಿಡಿದು ನನ್ನ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು.

"ಮೇಡಂ, ಇಂಥ ಮೆಸೇಜ್ ನಾನು ಕೇಳಿಲ್ಲ. ಒಂದ್ ಮಾತು ಹೇಳ್ತೀನಿ, ನಿಮ್ ಕೈಗೆ ಕೀ ಕೊಟ್ಟಿದ್ದು ನಮ್ ಕಮಿಟಿ ತಗೊಂಡ ಬೆಸ್ಟ್ ಡಿಸಿಷನ್. ನಾವು ಬೀಗ ಹಾಕಿದ್ರೂ ನಿಲ್ಲದಿದ್ದ ಲೈನು ನೀವು ಬೀಗ ತೆಗೆದೇ ನಿಲ್ಸಿದ್ರಿ."

ಕೈ ಮುಗಿದ. ನನಗೆ ಈ ಸಭೆಯಲ್ಲಿ ಕಮಿಟಿಯವನೊಬ್ಬ ಕೈ ಮುಗಿದದ್ದು ಇದೇ ಮೊದಲು. ಮನುಷ್ಯ ಅಷ್ಟೇನೂ ಕೆಟ್ಟವನಲ್ಲ.

ಗಂಜಿ ಸೇರಲಿಲ್ಲ.

ಮಾರ್ಚ್ 30, ಶನಿವಾರ

ಬೀಗ ತೆಗೆದು ನಲ್ಲಿ ತಿರುಗಿಸಿದರೆ ಗಾಳಿ. ಆಮೇಲೆ ಒಂದು ಲೋಟದಷ್ಟು ಕೆಂಪು ಕೆಸರು. ಆಮೇಲೆ ಅದೂ ಇಲ್ಲ. ಬೋರಿನವನು ಬಂದು ನೋಡಿ ತಲೆಯಾಡಿಸಿ ಹೋದ.

ಜ್ಞಾನರಾಜ ಫೋನಿನಲ್ಲಿ, "ಜವಾಬ್ದಾರಿ ಯಾರ್ದು ಅಂತ ಮಿನಿಟ್ಸಲ್ಲಿದೆ ಮೇಡಂ" ಅಂದ. ನಿನ್ನೆ ಮುಗಿದಿದ್ದ ಕೈಯಲ್ಲೇ ಫೋನು ಹಿಡಿದಿದ್ದನೋ ಏನೋ. ಹಾಳಾಗಿ ಹೋಗಲಿ.

ಸಾಲಿನಲ್ಲಿ ಇವತ್ತು ಇದ್ದದ್ದು ಎರಡೇ ಕೊಡ. ಅದರಲ್ಲಿ ಒಂದು ನನ್ನದು.

ಮಾರ್ಚ್ 31, ಈಸ್ಟರ್

ನಸುಕಿನ ಆರಾಧನೆ ಮುಗಿಯಿತು. ಕತ್ತಲಿರುವಾಗಲೇ ಹೆಂಗಸರು ಸಮಾಧಿಗೆ ಬಂದರು ಅಂತ ಅಯ್ಯನವರು ಓದಿದರು. ಅಭ್ಯಾಸ ಬಲ, ಮುಗಿದ ಕೂಡಲೇ ನಲ್ಲಿಯ ಹತ್ತಿರ ಹೋಗಿ ನಿಂತೆ. ಯಾರೂ ಬರಲಿಲ್ಲ. ಬರುವುದಾದರೂ ಯಾಕೆ.

ಮನೆಯಲ್ಲಿ ಕುಡಿಯಲು ಒಂದು ಹನಿ ಇರಲಿಲ್ಲ. ಕೆರೆಯ ತಿರುವಿಗೆ ಈ ವಾರದಿಂದ ಸರ್ಕಾರದ ಟ್ಯಾಂಕರ್ ಬರುತ್ತಿದೆ ಅಂತ ಓನರ್ ಹೇಳಿದ. ಕೊಡ ಎತ್ತಿಕೊಂಡು ಹೋದೆ. ಈಸ್ಟರ್‌ಗೆ ಉಟ್ಟ ಬಿಳಿ ಸೀರೆಯಲ್ಲೇ.

ಶೆಡ್ಡಿನವರೆಲ್ಲ ಅಲ್ಲೇ ಇದ್ದಾರೆ. ನನ್ನ ಸಾಲಿನಿಂದ ಕರಗಿದವರೆಲ್ಲ. ಯಾವ ಸಾಲೂ ಇಲ್ಲ, ಗುಂಪು, ಗಲಾಟೆ, ನಗು. ಟ್ಯಾಂಕರಿನ ದಪ್ಪ ಪೈಪು ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬಳು ತುಂಬಿಕೊಂಡು ಮುಂದಿನವಳಿಗೆ ಕೊಡುತ್ತಾಳೆ. ನೀರು ಚೆಲ್ಲುತ್ತದೆ. ಶಿಸ್ತು ಅನ್ನುವುದೇ ಇಲ್ಲ. ಬೈರಮ್ಮ ನನ್ನನ್ನು ಮೊದಲು ನೋಡಿದಳು.

"ಬನ್ನಿ ಮೇಡಂ, ಬನ್ನಿ. ಕೊಡಕ್ಕೆ ಮಾರ್ಕ್ ಹಾಕ್ಸಿದ್ದೀರಾ? ಓ, ಐತಲ್ಲ. ಇಲ್ಲಿ ಮಾರ್ಕ್ ಇರೋವ್ಕೆ ಹಾಕಲ್ಲ ಕಣ್ರೀ."

ಎಲ್ಲರೂ ನಕ್ಕರು. ನಗಲಿ. ಪೈಪು ಆಗ ಕಲ್ಯಾಣಿಯ ಕೈಯಲ್ಲಿತ್ತು. ಅವಳು ನಗಲಿಲ್ಲ.

"ಕೊಡ ಇಡ್ರಿ" ಅಂದಳು.

ಇಟ್ಟೆ. ಇಟ್ಟು ಹಿಂದೆ ಸರಿದು ನಿಂತೆ. ಯಾಕೆ ಸರಿದೆನೋ ಗೊತ್ತಿಲ್ಲ, ಕಾಲು ತಾವಾಗಿಯೇ ಸರಿದವು. ಅವಳು ಪೈಪು ಹಿಡಿದುಕೊಂಡೇ ನನ್ನನ್ನು ನೋಡಿದಳು, ಕೆಳಗಿದ್ದ ಕೊಡ ನೋಡಿದಳು. ನೀರು ರಸ್ತೆಗೆ ಸುರಿಯುತ್ತಿತ್ತು.

"ಅಲ್ಯಾಕ ನಿಂತ್ರಿ ದೂರ? ಬರ್ರಿ ಇಲ್ಲಿ, ಹಿಡೀರಿ. ನನಗೇನ್ ಬ್ಯಾರೆ ಕೆಲಸ ಇಲ್ಲೇನು."

ಪೈಪು ನನ್ನ ಕೈಗೆ ತುರುಕಿದಳು. ಭಾರವಿತ್ತು. ಹಾವಿನ ಹಾಗೆ ಒದ್ದಾಡುತ್ತಿತ್ತು, ಎರಡೂ ಕೈ ಹಾಕಿ ಹಿಡಿದರೂ ಸೀರೆಯೆಲ್ಲ ಒದ್ದೆ. ನನ್ನ ಕೊಡವನ್ನು ನಾನೇ ತುಂಬಿಕೊಂಡೆ.

"ಮಾವ ಹೇಗಿದ್ದಾರೆ?" ಅಂತ ಕೇಳಿದೆ. ಏನಾದರೂ ಕೇಳಬೇಕಲ್ಲ.

"ಊರಿಗೆ ಕಳಿಸಿದ್ವಿ. ಮೌನೇಶನೂ ಅವರ ಜೋಡಿ ಹ್ವಾದ. ಇಲ್ಲಿ ಹೆಂಗ ಇಟ್ಕೊಳ್ಳೋದ್ರಿ, ನೀರಿಲ್ದ." ಬೈಯುವ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ತನ್ನ ಬೋಳು ಕೊಡ ಸೊಂಟಕ್ಕೇರಿಸಿಕೊಂಡು ಹೋದಳು.

ನಾನು ಥ್ಯಾಂಕ್ಸ್ ಹೇಳಲಿಲ್ಲ. ಎಲ್ಲರ ಮುಂದೆ ನನ್ನನ್ನು ಸಣ್ಣವಳನ್ನಾಗಿ ಮಾಡಲು ಮಾಡಿದ್ದಾಳೆ. ಅವಳನ್ನು ನಾನು ಚೆನ್ನಾಗಿ ಬಲ್ಲೆ. ಪೈಪು ಹಿಡಿದ ಅಂಗೈ ಇನ್ನೂ ತಣ್ಣಗಿದೆ.

ಸಂಜೆ ಸ್ನಾನಕ್ಕೆ ಟೇಪು ತೆಗೆದವಳು ಮತ್ತೆ ಹಾಕಿಕೊಳ್ಳಲಿಲ್ಲ. ಸತ್ತ ಬೋರಿಗೆ ಬೀಗದ ಕೈ ಯಾಕೆ. ಕೊಡ ಬಗ್ಗಿಸಿ ನೀರನ್ನೆಲ್ಲ ಪಾತ್ರೆಗೆ ಹಾಕಿ, ಚಾಕು ತೆಗೆದುಕೊಂಡು ಬಾಗಿಲಲ್ಲಿ ಕೂತೆ. ಕತ್ತಲಾಗುವ ತನಕ ಕೆರೆದೆ. ಉದ್ದದ ಗೆರೆ ಹೋಯಿತು. ಅಡ್ಡದ್ದು ಹೋಗುತ್ತಿಲ್ಲ. ಒಳ್ಳೆ ಕಂಪನಿಯ ಎನಾಮೆಲ್ಲು.

ನಾಳೆ ಕಲ್ಯಾಣಿಯ ಹತ್ತಿರ ಉಪ್ಪು ಕಾಗದ ಉಳಿದಿದೆಯಾ ಅಂತ ಕೇಳಬೇಕು.